ಮಳೆಗಾಲದ ಸೌದೆ

ಅಡಿಗೆಮನೆಗೆ ಗ್ಯಾಸು ಬಂದ ಮೇಲೆ ಸೌದೆಯ ಮಾತೇಕೆ ಎಂದು ಪಟ್ಟಣದ ಓದುಗರು ಕೇಳಿಯಾರು. ಆಷಾಢಮಾಸದಲ್ಲಿ ಮಲೆನಾಡಿನ ಯಾವುದಾದರೊಂದು ಮನೆಗೆ ಹೋಗಿ ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಒಳಗೆ ಗ್ಯಾಸಿನ ಒಲೆ ಇರುವುದು ನಿಜ. ಆದರೆ ಬಚ್ಚಲಿನ ಹಂಡೆಯ ಕೆಳಗೆ ಉರಿಯುವುದು ಸೌದೆ. ದನಗಳ ಅಕ್ಕಚ್ಚು ಕಾಯುವುದು ಸೌದೆಯಿಂದ. ಸುಗ್ಗಿಯಲ್ಲಿ ಅಡಕೆ ಬೇಯುವುದು ಸೌದೆಯಿಂದ. ಮದುವೆ ಮುಂಜಿಗಳಲ್ಲಿ ನೂರಾರು ಜನಕ್ಕೆ ಅನ್ನವಾಗುವುದು ಅಂಗಳದ ಕಲ್ಲೊಲೆಯ ಮೇಲೆ. ದಾರಿಗೆ ಮರ ಬಿದ್ದು ಸಿಲಿಂಡರಿನ ಗಾಡಿ ನಿಂತುಹೋದ ದಿನ ಒಳಗಿನ ಅಡಿಗೆಯೂ ಸೌದೆಯನ್ನೇ ನಂಬಬೇಕಾಗುತ್ತದೆ. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಸಂಪರ್ಕ ಬಡವರ ಮನೆಗೂ ಬಂದಿತು. ಆದರೆ ಒಂದು ಸಿಲಿಂಡರು ಮುಗಿದು ಇನ್ನೊಂದನ್ನು ಕೊಳ್ಳುವವರೆಗಿನ ದಿನಗಳನ್ನು ಸೌದೆಯೇ ತುಂಬಿಕೊಡುತ್ತದೆ.

ಆದುದರಿಂದ ಸೌದೆಯನ್ನು ಕಡಿಯುವುದು, ಒಡೆಯುವುದು, ಒಣಗಿಸುವುದು, ಕಾಪಿಡುವುದು ಇವು ಇನ್ನೂ ತಿಳಿದಿರಬೇಕಾದ ವಿದ್ಯೆಗಳೇ. ಹಿಂದಿನವರು ಇದನ್ನು ಯಾರಿಂದಲೂ ಪಾಠ ಹೇಳಿಸಿಕೊಳ್ಳಲಿಲ್ಲ, ನೋಡಿ ಕಲಿತರು. ಈಗಿನ ಮಕ್ಕಳಿಗೆ ನೋಡುವ ಅವಕಾಶ ಕಡಮೆಯಾಗಿದೆ. ಹಾಗಾಗಿ ಕಾರಣಸಹಿತವಾಗಿ ಹೇಳಿಬಿಡುವುದು ಒಳ್ಳೆಯದು.

ಮೊದಲು ಹೆಸರಿನ ಮಾತು. ಹಳೆಯ ಮೈಸೂರಿನ ಕಡೆ ಸೌದೆ ಎನ್ನುವುದನ್ನು ಬಡಗಣ ಸೀಮೆಯಲ್ಲಿಯೂ ಘಟ್ಟದ ಕೆಳಗೂ ಕಟ್ಟಿಗೆ ಎನ್ನುತ್ತಾರೆ. ಉರುವಲು ಎಂಬುದು ಉರಿಯ ಸಂಬಂಧದ ಮಾತು. ಅದರಲ್ಲಿ ತರಗು, ಪುಳ್ಳೆ, ಬೆರಣಿ, ತೆಂಗಿನ ಗರಿ ಎಲ್ಲವೂ ಸೇರುತ್ತವೆ. ಸಂಸ್ಕೃತದ ಇಂಧನ, ಹೋಮಕ್ಕೆ ಬಳಸುವ ಸಮಿತ್ತು ಈ ಎರಡೂ 'ಇಂಧ್' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಅದರ ಅರ್ಥ ಹೊತ್ತಿಸು, ಬೆಳಗು ಎಂದು. ಹೊತ್ತಿ ಬೆಳಗದೆ ಬರಿಯ ಹೊಗೆಯಾಡುವ ಹಸಿಮರಕ್ಕೆ ಇಂಧನವೆಂಬ ಹೆಸರೇ ಸಲ್ಲದು ಎಂದರೆ ವ್ಯಾಕರಣವೂ ಒಪ್ಪೀತು, ಒಲೆಯ ಮುಂದೆ ಕುಳಿತವರೂ ಒಪ್ಪಿಯಾರು.

ಹಸಿಮರ ಏಕೆ ಉರಿಯದು? ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನೀರೇ. ಹತ್ತು ಕಿಲೋ ಹಸಿಸೌದೆಯನ್ನು ಒಲೆಗೆ ಹಾಕಿದೆವೆಂದರೆ ಐದು ಕಿಲೋ ಮರದ ಜೊತೆಗೆ ಐದು ಕಿಲೋ ನೀರನ್ನೂ ಬೆಂಕಿಗೆ ಸುರಿದಂತೆಯೇ ಸರಿ. ಈ ನೀರು ಮೊದಲು ಕಾದು, ಕುದಿದು, ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು ೭೫ ಕಿಲೋಕ್ಯಾಲೊರಿ, ಅದನ್ನು ಆವಿಯಾಗಿ ಹಾರಿಸಲು ಮತ್ತೆ ೫೪೦, ಒಟ್ಟು ೬೧೫ ಕಿಲೋಕ್ಯಾಲೊರಿ ಶಾಖ ಬೇಕು. ಐದು ಕಿಲೋಗೆ ಮೂರು ಸಾವಿರಕ್ಕೂ ಮಿಕ್ಕಿತು. ಆ ಐದು ಕಿಲೋ ಮರ ಪೂರ್ತಿ ಉರಿದರೆ ಕೊಡುವ ಶಾಖ ಸುಮಾರು ೨೨,೫೦೦ ಕಿಲೋಕ್ಯಾಲೊರಿ. ಅಂದರೆ ಏಳರಲ್ಲಿ ಒಂದು ಪಾಲು ಸೌದೆ ತನ್ನ ನೀರನ್ನು ತಾನು ಒಣಗಿಸಿಕೊಳ್ಳುವುದಕ್ಕೇ ವ್ಯಯವಾಯಿತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಾಗಿತ್ತು. ದೊಡ್ಡ ನಷ್ಟ ಬೇರೆಡೆ ಇದೆ. ಮರವು ಕಾದಾಗ ಅದರಿಂದ ಉರಿಯುವ ಅನಿಲಗಳು ಹೊರಡುತ್ತವೆ. ನಾವು ಕಾಣುವ ಜ್ವಾಲೆ ಈ ಅನಿಲಗಳದೇ. ಒಣಮರದ ತೂಕದಲ್ಲಿ ಮುಕ್ಕಾಲು ಪಾಲು, ಅದಕ್ಕಿಂತಲೂ ಹೆಚ್ಚು, ಹೀಗೆ ಅನಿಲವಾಗಿಯೇ ಹೊರಬಂದು, ಉಳಿದದ್ದು ಕೆಂಡವಾಗುತ್ತದೆ. ನೀರಿನ ಆವಿ ಒಲೆಯನ್ನು ತಣಿಸುತ್ತಿದ್ದರೆ ಈ ಅನಿಲಗಳು ಹೊತ್ತಿಕೊಳ್ಳುವಷ್ಟು ಕಾವು ಅಲ್ಲಿರುವುದಿಲ್ಲ. ಅವು ಉರಿಯದೆ ಹಾಗೆಯೇ ಮೇಲೇಳುತ್ತವೆ. ಅದೇ ಹೊಗೆ. ಕಣ್ಣಿಗೆ ಕಾಣುವ ಹೊಗೆಯೆಂದರೆ ಉರಿಯದೆ ಹೋದ ಸೌದೆ ಎಂದು ತಿಳಿಯಬೇಕು. ಅದರಲ್ಲಿ ಸ್ವಲ್ಪ ಗೋಡೆಗೆ ಮಸಿಯಾಗಿ ಅಂಟುತ್ತದೆ, ಸ್ವಲ್ಪ ಒಲೆಯ ಮುಂದಿರುವವರ ಎದೆಗೆ ಸೇರುತ್ತದೆ.

ಈ ಕೊನೆಯ ಮಾತು ಅಲಂಕಾರವಲ್ಲ. ಮನೆಯೊಳಗಿನ ಒಲೆಗಳ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸೌದೆ ತಂದು ಹಾಕುವವರು ಗಂಡಸರಾದರೂ ಅದರ ಹೊಗೆ ಕುಡಿಯುವವರು ಹೆಚ್ಚಾಗಿ ಹೆಂಗಸರು, ಅವರ ಸೆರಗು ಹಿಡಿದ ಮಕ್ಕಳು. ಅಲಸದೆ ಬೇಸಗೆಯಲ್ಲಿ ಒಣಗಿಸಿದ ಸೌದೆ ಅವರಿಗೆ ಮಾಡಿದ ಉಪಕಾರವೇ ಸರಿ.

ಇನ್ನು ಕಾಲದ ವಿಚಾರ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದ ಕೆಲಸಕ್ಕಷ್ಟೇ ಅಲ್ಲ, ಸೌದೆಗೂ ಹೊಂದುತ್ತದೆ. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಏನೂ ಒಣಗದು. ಪುಷ್ಯ ಮಾಘಗಳಲ್ಲಿ, ಅಂದರೆ ಜನವರಿ ಫೆಬ್ರವರಿಗಳಲ್ಲಿ ಕಡಿದು ಒಡೆದು ಹಾಕಿದರೆ ಮಾರ್ಚಿಯಿಂದ ಮೇವರೆಗೆ ಬಿಸಿಲು ದೊರೆಯುತ್ತದೆ. ಕೃತ್ತಿಕೆ ಮುಗಿದು ರೋಹಿಣಿ ಮಳೆ ಹುಟ್ಟುವುದು ಮೇ ಕೊನೆಯ ವಾರದಲ್ಲಿ. ಅಷ್ಟರೊಳಗೆ ಸೌದೆ ಸೂರಿನ ಕೆಳಗೆ ಸೇರಿರಬೇಕು. ಏಪ್ರಿಲ್ ಮುಗಿಯುವಾಗ ಮರ ಕಡಿದು, ಮೃಗಶಿರೆಗೆ ಒಲೆಗೆ ಹಾಕುವವರಿಗೆ ಯಾವ ಉಪಾಯವೂ ನೆರವಾಗದು. ಗಡುಸು ಜಾತಿಯ ದಪ್ಪ ಮರಗಳಿಗಂತೂ ಒಂದು ಬೇಸಗೆ ಸಾಲದು. ಅನುಕೂಲವಿದ್ದವರು ಅದನ್ನು ಮುಂದಿನ ವರ್ಷಕ್ಕೆಂದೇ ಬೇರೆ ಇಡುತ್ತಾರೆ.

ಎಷ್ಟು ಬೇಕು ಎಂಬುದನ್ನು ಊಹೆಗೆ ಬಿಡಬಾರದು. ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಖರ್ಚಾಗುವ ಸೌದೆಯನ್ನು ಮೂರು ದಿನ ತೂಗಿ ಸರಾಸರಿ ತೆಗೆಯಿರಿ. ದಿನಕ್ಕೆ ಎಂಟು ಕಿಲೋ ಒಣಸೌದೆಯೆಂದು ಇಟ್ಟುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ೧೨೨ ದಿನಗಳಿಗೆ ೯೭೬ ಕಿಲೋ ಆಯಿತು. ಇದು ಒಣಗಿದ ತೂಕ. ಒಣಸೌದೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ನೀರು ಉಳಿದಿದೆಯೆಂದು ಲೆಕ್ಕ ಹಾಕಿದರೆ ಕಡಿಯುವಾಗ ಅದರ ತೂಕ ೧,೫೬೦ ಕಿಲೋದಷ್ಟಿತ್ತು. ಮಿಕ್ಕ ಆರುನೂರು ಕಿಲೋ ಬಿಸಿಲಿಗೆ ಹಾರಿಹೋದ ನೀರು. ಹಸಿಸೌದೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ಅರ್ಧ ಹಣವನ್ನು ನೀರಿಗೆ ಕೊಡುತ್ತಾರೆಂಬುದನ್ನೂ ಇದರಿಂದ ತಿಳಿಯಬಹುದು.

ಯಾವ ಮರ ಒಳ್ಳೆಯದು? ಚೆನ್ನಾಗಿ ಒಣಗಿದ ಮೇಲೆ ಕಿಲೋ ಒಂದಕ್ಕೆ ಎಲ್ಲ ಮರಗಳೂ ಕೊಡುವ ಶಾಖ ಹೆಚ್ಚುಕಡಮೆ ಒಂದೇ. ವ್ಯತ್ಯಾಸವಿರುವುದು ಗಾತ್ರದಲ್ಲಿ. ಮತ್ತಿ, ಜಾಲಿ, ಹುಣಸೆ, ಗಾಳಿಮರಗಳು ಭಾರವಾದವು. ಒಂದು ತೋಳು ಸೌದೆಯಲ್ಲಿ ಬಹಳ ಹೊತ್ತು ಉರಿದು ಗಟ್ಟಿ ಕೆಂಡ ಕೊಡುತ್ತವೆ. ಬೂರುಗ, ಹಾಲುವಾಣಗಳು ಹಗುರ. ಬೇಗ ಹೊತ್ತಿ ಬೇಗ ಬೂದಿಯಾಗುತ್ತವೆ. ಒಲೆ ಹೊತ್ತಿಸಲು ಹಗುರವಾದದ್ದು, ಉರಿ ನಿಲ್ಲಿಸಲು ಭಾರವಾದದ್ದು ಎಂದು ಎರಡನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳುವುದು ಜಾಣತನ. ಅಡಕೆ ತೆಂಗಿನ ತೋಟವಿರುವವರು ಸೋಗೆ, ಹಾಳೆ, ಕರಟ, ತೆಂಗಿನ ಸಿಪ್ಪೆಗಳನ್ನು ಕೊಳೆಯಲು ಬಿಡದೆ ಕೂಡಿಟ್ಟರೆ ಬಚ್ಚಲೊಲೆಯ ಖರ್ಚಿನಲ್ಲಿ ಒಳ್ಳೆಯ ಪಾಲು ಅಲ್ಲಿಂದಲೇ ಹೊರಡುತ್ತದೆ.

ಕೆಲವು ಮರಗಳನ್ನು ಮುಟ್ಟದಿರುವುದೇ ಲೇಸು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರದ ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಕಣಗಿಲೆಯ ಗಿಡ ವಿಷದ್ದು. ಅದರ ಕಡ್ಡಿಯನ್ನು ಒಲೆಗೆ ಹಾಕಬಾರದು. ಬಣ್ಣ ಬಳಿದ ಹಳೆಯ ಹಲಗೆ, ಗೆದ್ದಲಿನ ಔಷಧಿ ಹಚ್ಚಿದ ಮರ, ಪ್ಲಾಸ್ಟಿಕ್ಕಿನ ಚೀಲ ಇವುಗಳೂ ಒಲೆಗೆ ಸಲ್ಲವು.

ಎಲ್ಲಿಂದ ತರಬೇಕು ಎಂಬುದು ಮುಖ್ಯವಾದ ಪ್ರಶ್ನೆ. ಸೌದೆಗಾಗಿ ಬೆಳೆದುನಿಂತ ಮರವನ್ನು ಬುಡಸಹಿತ ಕಡಿಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಗಾಳಿಗೆ ಬಿದ್ದದ್ದು, ಒಣಗಿನಿಂತ ಕೊಂಬೆ, ಕಾಫಿತೋಟದ ನೆರಳಿನ ಮರಗಳ ಸವರು, ಬೇಲಿಯ ಗೊಬ್ಬರದ ಗಿಡ ಇವೇ ಒಂದು ಮನೆಗೆ ಸಾಕಷ್ಟಾಗುತ್ತವೆ. ಬೇಲಿಯ ಗಿಡಗಳನ್ನು ಎದೆಯ ಎತ್ತರದಲ್ಲಿ ಸವರಿದರೆ ಮತ್ತೆ ಚಿಗುರುತ್ತವೆ. ಸೊಪ್ಪು ತೋಟಕ್ಕೆ, ಕೊಂಬೆ ಒಲೆಗೆ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದನ್ನು ಮರೆಯಬಾರದು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಆ ಅಪ್ಪಿಕೋ ಚಳವಳಿಯವರು ಹೇಳಿದ್ದು ಮೂರು ಮಾತು: ಉಳಿಸು, ಬೆಳೆಸು, ಬಳಸು. ಬಳಸು ಎಂಬುದು ಮೂರನೆಯದೇ ಹೊರತು ಮೊದಲನೆಯದಲ್ಲ.

ಕಾಡಿಗೆ ಹೋಗುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುವಂಥದು. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಜನ ಸೌದೆಗೂ ತರಗಿಗೂ ಕಾಡು ಹೊಗುವ ಕಾಲದಲ್ಲಿಯೇ. ಮಂಗಗಳು ಸತ್ತುಬಿದ್ದ ಕಡೆಗೆ ಹೋಗಕೂಡದು. ಸತ್ತ ಮಂಗವನ್ನು ಕಂಡರೆ ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಹೋಗಿರಿ. ಮರಳಿದ ಮೇಲೆ ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಸ್ನಾನ ಮಾಡಿ, ಮೈಮೇಲೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಿರಿ. ಅನಂತರ ಕೆಲವು ದಿನಗಳಲ್ಲಿ ಜೋರಾಗಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಈಗ ಕಡಿಯುವ ಒಡೆಯುವ ಕೆಲಸಕ್ಕೆ ಬರೋಣ. ಮರದೊಳಗೆ ನೀರು ಸಂಚರಿಸುವುದು ಬೇರಿನಿಂದ ಎಲೆಗೆ, ಎಳೆಗಳ ನೇರಕ್ಕೆ. ಕಡಿದ ಮೇಲೂ ಅದು ತುದಿಗಳ ಕಡೆಯಿಂದಲೇ ಬೇಗ ಹೊರಬೀಳುತ್ತದೆ. ಅಡ್ಡಲಾಗಿ ಹೊರಬರುವುದು ಬಹಳ ನಿಧಾನ. ತೊಗಟೆಯಂತೂ ನೀರನ್ನು ಒಳಗೆ ಹಿಡಿದಿಡುವುದಕ್ಕೆಂದೇ ಇರುವ ಹೊದಿಕೆ. ಇಷ್ಟು ತಿಳಿದರೆ ಮಾಡತಕ್ಕದ್ದೇನೆಂಬುದು ಸ್ಪಷ್ಟವಾಗುತ್ತದೆ. ಉದ್ದ ಕೊರಡನ್ನು ಗಿಡ್ಡ ತುಂಡುಗಳಾಗಿ ಕೊಯ್ದರೆ ತುದಿಗಳು ಹೆಚ್ಚುತ್ತವೆ. ತುಂಡನ್ನು ಸೀಳಿದರೆ ತೊಗಟೆಯಿಲ್ಲದ ಮೈ ಗಾಳಿಗೆ ತೆರೆದುಕೊಳ್ಳುತ್ತದೆ. ಇಡಿಯ ಕೊರಡನ್ನು ಅಂಗಳದಲ್ಲಿ ವರ್ಷಗಟ್ಟಲೆ ಬಿಟ್ಟರೂ ತಿರುಳು ಹಸಿಯಾಗಿಯೇ ಉಳಿದು, ಹೊರಮೈ ಲಡ್ಡಾಗುತ್ತದೆಯೇ ಹೊರತು ಸೌದೆಯಾಗದು.

ಅಡಿಗೆಯ ಒಲೆಗೆ ಒಂದು ಮೊಳದುದ್ದ, ಮುಂಗೈ ಗಾತ್ರದ ಸೀಳು ಸಾಕು. ಬಚ್ಚಲೊಲೆಗೆ ಒಂದೂವರೆ ಎರಡು ಮೊಳ ಇರಬಹುದು. ನೇರ ಎಳೆಯ ಮರಗಳನ್ನು ಹಸಿಯಿರುವಾಗಲೇ ಒಡೆಯುವುದು ಸುಲಭ. ಒಣಗಿ ಬಿಗಿದ ಮೇಲೆ ಕೊಡಲಿ ಹಿಮ್ಮೆಟ್ಟುತ್ತದೆ. ಗಂಟುಗಳೊಡನೆ ಹೋರಾಡಿ ಬೆವರಿಳಿಸುವುದು ಬೇಡ. ಅವನ್ನು ಹಾಗೆಯೇ ಬಚ್ಚಲೊಲೆಗೆ ಎತ್ತಿಡಿ. ದಪ್ಪ ತುಂಡಿಗೆ ಬೆಣೆ ಹೊಡೆಯಿರಿ. ಬೆಳಗ್ಗೆ ಕೆಲಸಕ್ಕೆ ತೊಡಗುವ ಮುನ್ನ ಕೊಡಲಿಯ ಕಾವು ಸಡಿಲವಾಗಿದೆಯೇ ನೋಡಬೇಕು. ತುಂಡನ್ನು ನೆಲದ ಮೇಲಿಡದೆ ಅಗಲವಾದ ಕೊರಡಿನ ಮೇಲೆ ನಿಲ್ಲಿಸಿ, ಕಾಲುಗಳನ್ನು ಅಗಲಿಸಿ ನಿಂತು ಒಡೆಯಬೇಕು. ಸುತ್ತ ನಾಲ್ಕು ಮಾರು ದೂರದೊಳಗೆ ಮಕ್ಕಳು ಇರಕೂಡದು. ಹಾರಿದ ಚಕ್ಕೆಗೆ ಕಣ್ಣು ಯಾರದೆಂದು ತಿಳಿಯದು.

ಒಡೆದ ಸೌದೆಯನ್ನು ರಾಶಿಯಾಗಿ ಸುರಿಯಬಾರದು. ರಾಶಿಯ ನಡುವೆ ಗಾಳಿಯಾಡದೆ ಬೂಸಲು ಹಿಡಿಯುತ್ತದೆ. ನೆಲದಿಂದ ಗೇಣೆತ್ತರದಲ್ಲಿ ಕಲ್ಲುಗಳನ್ನಿಟ್ಟು, ಮೇಲೆ ಎರಡು ಅಡಕೆಮರದ ದಬ್ಬೆಗಳನ್ನು ಹಾಸಿ, ಅದರ ಮೇಲೆ ಒಟ್ಟಬೇಕು. ಎರಡು ಕೊನೆಗಳಲ್ಲಿ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಿದರೆ ಒಟ್ಟಿಲು ಜರಿಯದೆ ಗೋಡೆಯಂತೆ ನಿಲ್ಲುತ್ತದೆ. ಸೀಳಿದ ತುದಿಗಳು ಗಾಳಿ ಬೀಸುವ ಕಡೆಗಿರಲಿ. ಏಪ್ರಿಲ್ ಮೇಗಳ ಗುಡುಗುಮಳೆಗಾಗಿ ನೆತ್ತಿಯ ಮೇಲೆ ಸೋಗೆಯನ್ನೋ ತಗಡನ್ನೋ ಹೊದಿಸಿರಿ, ಪಕ್ಕಗಳನ್ನು ಮುಚ್ಚಬೇಡಿರಿ. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಸುತ್ತಿಬಿಟ್ಟರೆ ಮರದಿಂದ ಹೊರಟ ಆವಿ ಒಳಗೇ ಬೆವರಾಗಿ ಇಳಿದು ಮತ್ತೆ ಸೌದೆಗೇ ಸೇರುತ್ತದೆ.

ಒಣಗಿತೆಂದು ತಿಳಿಯುವುದು ಹೇಗೆ? ತುದಿಗಳಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ತಾನಾಗಿ ಸಡಿಲುತ್ತದೆ, ಎರಡು ತುಂಡುಗಳನ್ನು ತಾಗಿಸಿದರೆ ಟಣ್ ಎಂದು ಸದ್ದಾಗುತ್ತದೆ. ಹಸಿಯದು ದಪ್ಪನೆ ಸದ್ದು ಮಾಡುತ್ತದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಯ್ಯೆಂದರೆ ಇನ್ನೂ ನೀರಿದೆಯೆಂದು ಅರ್ಥ. ಇವೆಲ್ಲಕ್ಕಿಂತ ಖಚಿತವಾದ ವಿಧಾನವೊಂದನ್ನು ನಾನು ಶಾಲೆಯ ಹುಡುಗರಿಗೆ ಹೇಳುವುದುಂಟು. ಒಟ್ಟಿಲಿನ ನಡುವಿನಿಂದ ನಾಲ್ಕು ಸೀಳುಗಳನ್ನು ತೆಗೆದು ಸುಣ್ಣದಿಂದ ಗುರುತು ಮಾಡಿ ತೂಗಿ ಬರೆದಿಡಿ. ವಾರಕ್ಕೊಮ್ಮೆ ಅವನ್ನೇ ತೂಗುತ್ತಾ ಹೋಗಿರಿ. ಮೊದಲು ತೂಕ ಬೇಗ ಇಳಿಯುತ್ತದೆ, ಅನಂತರ ನಿಧಾನವಾಗುತ್ತದೆ. ಕೊನೆಗೆ ಎರಡು ಮೂರು ವಾರ ತೂಕ ಬದಲಾಗದಿದ್ದರೆ ಬಿಸಿಲು ತೆಗೆಯಬಹುದಾದ ನೀರನ್ನೆಲ್ಲ ತೆಗೆದಿದೆ ಎಂದು ತಿಳಿಯಬಹುದು. ಆಗ ಉಳಿದಿರುವುದು ನೂರಕ್ಕೆ ಹದಿನೈದು ಇಪ್ಪತ್ತು ಪಾಲು ನೀರು. ಅದರಿಂದ ಬೆಂಕಿಗೆ ತೊಂದರೆಯಿಲ್ಲ.

ಮಳೆಗಾಲದ ಕಟ್ಟಿಗೆಮನೆ ವಾಸದ ಮನೆಯ ಗೋಡೆಗೆ ತಾಗಿಕೊಂಡಿರದೆ ಸ್ವಲ್ಪ ದೂರ ಇರುವುದು ಒಳ್ಳೆಯದು. ಗೆದ್ದಲು ಸೌದೆಯನ್ನು ಹಿಡಿದು ಗೋಡೆಗೆ, ಗೋಡೆಯಿಂದ ಜಂತಿಗೆ ಏರುವುದು ಹೀಗೆಯೇ. ನಮ್ಮ ಮಳೆ ನೈಋತ್ಯದಿಂದ ಬರುವುದರಿಂದ ಪಡುವಣ ತೆಂಕಣ ಮಗ್ಗುಲುಗಳಿಗೆ ಎರಚಲು ತಡೆಯುವ ತಡಿಕೆ ಬೇಕು. ಮೂಡಣ ಬಡಗಣ ಮಗ್ಗುಲುಗಳನ್ನು ಸಂದುಬಿಟ್ಟು ಗಾಳಿಯಾಡಲು ಬಿಡಬೇಕು. ಸೂರನ್ನು ಮುಂದಕ್ಕೆ ಚಾಚಿರಬೇಕು. ಹಳೆಯ ಸೌದೆ ಮುಂದೆ, ಹೊಸದು ಹಿಂದೆ ಇರಲಿ; ಇಲ್ಲವಾದರೆ ಹಿಂದಿನದು ವರ್ಷಾನುಗಟ್ಟಲೆ ಅಲ್ಲಿಯೇ ಉಳಿದು ಕುಟ್ಟೆಹುಳುವಿಗೆ ಆಹಾರವಾಗುತ್ತದೆ. ಹಾವು ಚೇಳುಗಳಿಗೂ ಇದು ಪ್ರಿಯವಾದ ತಾಣ. ಮೇಲಿನ ಸಾಲಿನಿಂದಲೇ ಕ್ರಮವಾಗಿ ತೆಗೆಯಬೇಕು. ನಡುವೆ ಕೈ ತೂರಿ ಎಳೆಯಕೂಡದು. ಕತ್ತಲಾದ ಮೇಲೆ ದೀಪವಿಲ್ಲದೆ ಹೋಗಕೂಡದು. ಸಂಜೆಗೆ ಬೇಕಾದ ಸೌದೆಯನ್ನು ಹಗಲಿನಲ್ಲಿಯೇ ಒಳಗೆ ತಂದಿಟ್ಟುಕೊಳ್ಳುವುದು ಹಿರಿಯರು ಮಾಡಿದ ಒಳ್ಳೆಯ ಪದ್ಧತಿ. ಮರುದಿನದ ಸೌದೆಯನ್ನು ಒಲೆಯ ಕಾವು ತಾಗುವಂತೆ ಇಡಬಹುದು. ಕಿಡಿ ತಾಗುವಂತೆ ಇಡಬಾರದು.

ಇಷ್ಟು ಶ್ರಮದಿಂದ ಒಣಗಿಸಿದ್ದನ್ನು ಉರಿಸುವ ಒಲೆಯೂ ಒಳ್ಳೆಯದಾಗಿರಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲಷ್ಟೇ ಪಾತ್ರೆಗೆ ಮುಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗದವರು ಕುಣಿಗಲ್ ಬಳಿಯ ಪುರ ಎಂಬ ಹಳ್ಳಿಯಲ್ಲಿ ಜನರ ಇಂಧನದ ಖರ್ಚನ್ನು ಅಳೆದು ನೋಡಿದರು. ದನ ಮನುಷ್ಯರ ದುಡಿಮೆಯನ್ನು ಬಿಟ್ಟರೆ ಅಲ್ಲಿನ ಶಕ್ತಿಯ ಬಹುಪಾಲು ಸೌದೆಯಿಂದಲೇ ಬರುತ್ತಿತ್ತು. ಮುಂದೆ ಅದೇ ವಿಭಾಗದಿಂದ ಹೊಗೆಕೊಳವೆಯುಳ್ಳ, ಮೂರು ಪಾತ್ರೆಗಳನ್ನಿಡಬಹುದಾದ ಅಸ್ತ್ರ ಒಲೆ ಹೊರಬಂದು ೧೯೮೦ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಹರಡಿತು. ಯಾವ ಒಲೆಯಾದರೂ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮನೆಗೇ ಮರಳುತ್ತದೆ.

ಬಚ್ಚಲಿನ ಬಗ್ಗೆ ಒಂದು ಎಚ್ಚರಿಕೆ. ಚಳಿಯೆಂದು ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು ಕೆಂಡದ ಒಲೆಯ ಪಕ್ಕದಲ್ಲಿ ಬಹಳ ಹೊತ್ತು ಇರುವುದಾಗಲಿ, ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವುದಾಗಲಿ ಪ್ರಾಣಾಪಾಯಕ್ಕೆ ಕಾರಣ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹೊರಡುತ್ತದೆ. ತಲೆಭಾರ, ಮಂಪರು ಬಂದವನು ಎದ್ದು ಬಾಗಿಲು ತೆರೆಯುವಷ್ಟು ಶಕ್ತಿ ಉಳಿಯುವುದಿಲ್ಲ. ಬಚ್ಚಲಿಗೆ ಮುಚ್ಚಲಾಗದ ಒಂದು ಬೆಳಕಿಂಡಿಯನ್ನು ಎತ್ತರದಲ್ಲಿ ಇಡಿಸಿರಿ. ಬೂದಿಯನ್ನು ತೋಟಕ್ಕೆ ಹಾಕುವವರು ಅದರೊಳಗೆ ಕೆಂಡ ಅಡಗಿಲ್ಲವೆಂದು ನೋಡಿ ಒಯ್ಯಬೇಕು. ಕಟ್ಟಿಗೆಮನೆಯ ಹತ್ತಿರವಂತೂ ಸುರಿಯಲೇಬಾರದು.

ಜನವರಿಯಲ್ಲಿ ಒಡೆದು, ಮೇ ತಿಂಗಳಲ್ಲಿ ತೂಗಿ ನೋಡಿ, ರೋಹಿಣಿಗೆ ಮೊದಲು ಒಳಗೆ ಸೇರಿಸಿದರೆ ಮುಖ್ಯವಾದ ಕೆಲಸವೆಲ್ಲ ಆದಂತೆಯೇ. ಒಣಸೌದೆ ಉರಿಸುವ ಮನೆಗೆ ಮರವೂ ಕಡಮೆ ಸಾಕು, ಅಷ್ಟರಮಟ್ಟಿಗೆ ಕಾಡೂ ಉಳಿಯುತ್ತದೆ. ಈ ವರ್ಷ ನಿಮ್ಮ ಮನೆಯ ಸೌದೆ ಒಣಗಿದೆಯೇ ಎಂಬ ಸಂದೇಹವಿದ್ದರೆ ಅದನ್ನು ತಂದು ಹಾಕಿದವರನ್ನು ಕೇಳಬೇಡಿರಿ. ಒಲೆಯ ಮುಂದೆ ಕೂರುವ ತಾಯಿಯನ್ನೋ ಅತ್ತಿಗೆಯನ್ನೋ ಕೇಳಿರಿ.